ಹಸಿರು ಹೂವಿನ ಸಾಲು

ಹೋದ ತಿಂಗಳು ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾಯುತ್ತ ನಿಂತಿದ್ದಾಗ ಕುದಿಸಿದ ತೊಗರಿಕಾಯಿಯ ವಾಸನೆ ಬಂತು. ಉಪ್ಪು ಹಾಕಿ ಸಿಪ್ಪೆ ಸಮೇತ ಕುದಿಸಿದ ಹಸಿ ಕಾಯಿ. ಒಬ್ಬ ಹೆಂಗಸು ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಮಾರುತ್ತಿದ್ದಳು. ಬಟ್ಟೆ ಸರಿಸಿದಾಗಲೆಲ್ಲ ಹಬೆಯ ಜೊತೆ ಆ ವಾಸನೆ ಏಳುತ್ತಿತ್ತು. ಪೊಟ್ಟಣ ತೆಗೆದುಕೊಂಡು ಮೊದಲ ಕಾಯಿ ಬಿಡಿಸಿ ಕಾಳನ್ನು ಬಾಯಿಗೆ ಹಾಕಬೇಕು ಅನ್ನುವಷ್ಟರಲ್ಲಿ ಒಂದು ದನಿ ನೆನಪಾಯಿತು. “ತಿನ್ನಬ್ಯಾಡ್ರಿ ಸರ. ಅದನ್ನ ತಿನ್ನಬ್ಯಾಡ್ರಿ.”

ಗಾಡಿ ಬಂತು, ಹತ್ತಿದೆ, ಶಹಾಬಾದಿನಲ್ಲಿ ಇಳಿದೆ, ಮನೆಗೆ ಹೋದೆ. ಕಾಯಿ ತಿಂದೆನೋ ಬಿಟ್ಟೆನೋ ಈಗ ಜ್ಞಾಪಕವಿಲ್ಲ. ಹೋದ ತಿಂಗಳ ಸಂಗತಿಯೇ ಹೀಗೆ. ನಾನು ಬರೆಯಹೊರಟಿರುವುದಾದರೋ ಹತ್ತು ಹನ್ನೆರಡು ವರ್ಷಗಳ ಹಿಂದಿನದು. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಆ ದನಿ ನಮ್ಮ ಬಾಟನಿ ಮೇಡಮ್ ಅವರದು. ಸೇಡಂನ ಕಾಲೇಜೊಂದರಲ್ಲಿ ಅವರು ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅದೇ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಇಬ್ಬರ ಬಾಡಿಗೆ ಮನೆಗಳೂ ಒಂದೇ ವಠಾರದಲ್ಲಿ, ನಡುವೆ ಒಂದೇ ಗೋಡೆ. ಅವರು ಚಿಂಚೋಳಿ ಕಡೆಯವರು. ಉಮೇದಿ ಏರಿದಾಗ ಮಾತಿನ ನಡುವೆ ತೆಲುಗು ಜಾರಿ ಬರುತ್ತಿತ್ತು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಹಿರಿಯರಾದರೂ ನನ್ನನ್ನು ‘ಸರ’ ಎಂದೇ ಕರೆಯುತ್ತಿದ್ದರು. ಬೇಗ ಬೇಗ ನಡೆಯುತ್ತಿದ್ದರು. ಹೀಗೆ ಬರೆಯುವಾಗ ಅವರು ಹಸಿರು ಸೀರೆಯಲ್ಲಿ ಕಾಣುತ್ತಾರೆ, ಯಾವಾಗಲೂ ಹಸಿರು ಸೀರೆ. ಇದನ್ನು ನಾನು ನಂಬುವುದಿಲ್ಲ. ಆಮೇಲೆ ನಡೆದದ್ದರ ಬಣ್ಣವನ್ನು ನನ್ನ ತಲೆ ಹಿಂದಕ್ಕೆ ಒಯ್ದು ಅವರ ಸೀರೆಗೆ ಬಳಿದಿರಬೇಕು.

ಸಂಜೆ ಕಾಯಿಪಲ್ಯದ ಬಜಾರಿಗೆ ಅವರ ಜೊತೆ ಹೋಗುವುದೆಂದರೆ ಒಂದು ಪಾಠ ಕೇಳಿದ ಹಾಗೆ. ಒಮ್ಮೆ ಹೂಕೋಸಿನ ಗಡ್ಡೆಯೊಂದನ್ನು ಎತ್ತಿ ಹಿಡಿದು ಕೇಳಿದರು, “ಇದು ಏನಂತ ತಿಳಿದೀರಿ ಸರ?”

“ಹೂಕೋಸು.”

“ಹೂ ಎಲ್ಲದ ಇದರಾಗ? ತೋರಸ್ರಿ.”

ತೋರಿಸಲು ಹೋದೆ, ಆಗಲಿಲ್ಲ. ಅವರು ಬೆರಳಿನಿಂದ ಒಂದು ತುಣುಕು ಮುರಿದರು. ಅದು ಇಡೀ ಗಡ್ಡೆಯ ಹಾಗೆಯೇ ಇತ್ತು. ಅದರಿಂದ ಇನ್ನೊಂದು ತುಣುಕು ಮುರಿದರು, ಅದೂ ಹಾಗೆಯೇ. ಗಿಡದ ತುದಿಗೆ ‘ಇನ್ನು ಬೆಳೆದದ್ದು ಸಾಕು, ಹೂವಾಗು’ ಎಂದು ಅಪ್ಪಣೆ ಕೊಡುವ ವಂಶವಾಹಿಗಳು ಇರುತ್ತವೆ, ಹೂಕೋಸಿನಲ್ಲಿ ಆ ಅಪ್ಪಣೆ ಕೆಟ್ಟಿದೆ, ಅದಕ್ಕೇ ತುದಿ ಒಡೆದು ತುದಿಗಳಾಗಿ, ಅವು ಒಡೆದು ಮತ್ತೆ ತುದಿಗಳಾಗಿ ಹೀಗೆ ಗಡ್ಡೆ ಕಟ್ಟುತ್ತದೆ ಎಂದರು. “ಪಾಪ, ಹೂ ಆಗಬೇಕಂತ ಹೊಂಟದ, ಆಗಲಿಕ್ಕ ಬರವಲ್ದು. ಅದರ ಒದ್ದಾಟಾನೇ ನಾವು ಪಲ್ಯಾ ಮಾಡ್ಕೊಂಡು ತಿಂತೀವಿ.”

ಮಾರುವವನು ತಕ್ಕಡಿ ಹಿಡಿದು ಕಾದಿದ್ದ. “ತಗೊಳ್ಳೋರಿದ್ರ ತಗೋರಿ ಮೇಡಮ್ಮೋರ. ನಿಮ್ಮ ಒದ್ದಾಟದ ಮಾತು ಕೇಳಿ ನನ್ನ ಗಿರಾಕಿ ಓಡಿ ಹೋಗ್ಲಿಕತ್ತಾರ.”

ಮುರಿದದ್ದಕ್ಕಾಗಿ ಆ ಗಡ್ಡೆಯನ್ನೂ, ಮಾತಾಡಿದ್ದಕ್ಕಾಗಿ ಇನ್ನೊಂದನ್ನೂ ಕೊಂಡರು.

ವಠಾರದ ಮಾಲಕರ ಮನೆಯ ಅಮ್ಮ ಮುಂಜಾನೆ ಲಿಂಗಪೂಜೆಗೆ ಸುತ್ತು ದಾಸವಾಳ ಕೊಯ್ಯುವಾಗಲೂ ಅವರು ಬಿಡುತ್ತಿರಲಿಲ್ಲ. ಕೇಸರಗಳಾಗಬೇಕಾದವು ದಳಗಳಾಗಿವೆ, ಅದಕ್ಕೇ ಹೂವು ಅಷ್ಟು ತುಂಬಿಕೊಂಡಿದೆ, ಅದಕ್ಕೇ ಅದು ಬೀಜ ಕಟ್ಟುವುದಿಲ್ಲ, ಟೊಂಗೆ ನೆಟ್ಟೇ ಬೆಳೆಸಬೇಕು ಎಂದು ಹೇಳುವರು. ಆ ಅಮ್ಮ ಕೇಳಿಸಿಕೊಂಡು, “ಶಿವಗ ಅದೆಲ್ಲಾ ನಡೀತದ” ಎಂದು ಒಳಗೆ ಹೋಗುವರು. ನನಗೆ ಮಾತ್ರ ಇವೆಲ್ಲ ಕ್ಲಾಸಿನಲ್ಲಿ ಹೇಳುವ ಚೆಂದದ ಉದಾಹರಣೆಗಳಾಗಿ ಕಾಣುತ್ತಿದ್ದವು, ಅಷ್ಟೇ. ಪುಸ್ತಕದಲ್ಲಿದ್ದದ್ದನ್ನು ಬಜಾರಿನಲ್ಲಿ ಗುರುತಿಸುತ್ತಾರೆ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಇಲ್ಲದ್ದೊಂದು ನಮ್ಮ ಸೋದರಮಾವನ ಹೊಲದಲ್ಲೇ ಇದೆ ಎಂದು ನನಗೇನು ಗೊತ್ತಿತ್ತು...

ಮಾವನ ಊರು ಕಾಳಗಿಯ ಆಚೆ. ಶೀಗಿ ಹುಣ್ಣಿಮೆಗೆ ಅಲ್ಲಿಗೆ ಹೊರಟಾಗ ಮೇಡಮ್ ಒಂದು ಕೆಲಸ ಹೇಳಿದ್ದರು: ಮಕ್ಕಳಿಗೆ ತೋರಿಸಲು ಗೊಡ್ಡು ಬಿದ್ದ ತೊಗರಿಯ ಟೊಂಗೆ ತರಬೇಕು. ನಮ್ಮ ಕಡೆಯವರಿಗೆ ಗೊಡ್ಡು ರೋಗ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ರೋಗ ಬಿದ್ದ ತೊಗರಿ ಹೂ ಬಿಡುವುದಿಲ್ಲ. ಹೊಲವೆಲ್ಲ ಹಳದಿಯಾದಾಗ ಅದೊಂದು ಹಸಿರಾಗಿಯೇ ನಿಂತಿರುತ್ತದೆ. ಕಣ್ಣಿಗೆ ಕಾಣದ ನುಸಿ ಗಾಳಿಯಲ್ಲಿ ತೇಲಿ ರೋಗವನ್ನು ಗಿಡದಿಂದ ಗಿಡಕ್ಕೆ, ಹೊಲದಿಂದ ಹೊಲಕ್ಕೆ ಒಯ್ಯುತ್ತದೆ. ಹೀಗಾಗಿ ಹೂಗಾಲದಲ್ಲಿ ಹಳದಿ ಕಾಣದ ಗಿಡ ಕಂಡರೆ ಬೇರು ಸಮೇತ ಕಿತ್ತು ಬದುವಿನ ಮೇಲೆ ಸುಡುವುದು ರೂಢಿ. ದೂರದಿಂದಲೇ ತಿಳಿಯುತ್ತದೆ, ಹತ್ತಿರ ಹೋಗಿ ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಬದುವಿನ ಪಕ್ಕದಲ್ಲಿ ಅತ್ತೆಯ ಒಂದು ಸಾಲು ಇತ್ತು. ಮನೆಯ ಹಿತ್ತಲಲ್ಲಿ ದನದ ಕೊಟ್ಟಿಗೆಯ ಮಗ್ಗುಲಲ್ಲಿ ತಾನಾಗಿ ಎದ್ದ ಒಂಟಿ ತೊಗರಿ ಗಿಡ ದಪ್ಪ ಕಾಯಿ ಬಿಟ್ಟಿತ್ತಂತೆ, ಕಾಳು ಸಿಹಿ. ಆ ಒಂದೇ ಗಿಡದ ಬೀಜ ತೆಗೆದಿಟ್ಟು, ಹಸಿ ಕಾಯಿ ತಿನ್ನಲೆಂದೇ ಅತ್ತೆ ಆ ಸಾಲು ಹಾಕಿದ್ದಳು. ಆ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹಳದಿಯಿಲ್ಲದೆ ನಿಂತಿತ್ತು.

“ನಿನ್ನ ಮೇಡಮ್ಮಗ ಗೊಡ್ಡು ಬೇಕಿತ್ತಲ್ಲ ಅಳಿಯಾ, ಒಯ್ಯಿ” ಎಂದ ಮಾವ. “ನಿಮ್ಮತ್ತಿ ಬೆಳಸ್ಯಾಳ.”

“ನನ್ನ ಸಾಲಿಗೆ ಎಲ್ಲಿಂದ ಬರ್ತದ?” ಅತ್ತೆ ತಿರುಗಿ ಬಿದ್ದಳು. “ನಿಮ್ಮ ಹೊಲದ ಗಾಳಿ ಬಡದು ಬಂದಿರಬೇಕು.”

ಒಂದು ಟೊಂಗೆ ಮುರಿದು ಒದ್ದೆ ಕಾಗದದಲ್ಲಿ ಸುತ್ತಿ ತಂದು ಮೇಡಮ್ ಅವರಿಗೆ ಕೊಟ್ಟೆ. ಮನೆಯೊಳಗೆ ಹೋಗಿ ಕೈಕಾಲು ತೊಳೆದಿದ್ದೆನೋ ಇಲ್ಲವೋ, ಬಾಗಿಲಲ್ಲಿ ಅವರು ನಿಂತಿದ್ದರು. ಕೈಯಲ್ಲಿ ಊಟದ ತಾಟು. ತಾಟಿನ ಮೇಲೆ ಹಸಿರು ಚೂರುಗಳು.

“ಸರ, ಇದು ಗೊಡ್ಡು ಅಲ್ಲ.”

ಗೊಡ್ಡು ಬಿದ್ದ ಎಲೆ ಸಣ್ಣದಾಗುತ್ತದೆ, ಮಾಸುತ್ತದೆ, ತಿಳಿಹಳದಿ ಮಚ್ಚೆ ಮೂಡುತ್ತದೆ. ಈ ಎಲೆ ಅಗಲವಾಗಿ, ದಟ್ಟ ಹಸಿರಾಗಿ, ಗಟ್ಟಿಯಾಗಿತ್ತು. ಅದಕ್ಕಿಂತ ದೊಡ್ಡ ವಿಷಯ ಅಂದರೆ ಟೊಂಗೆಯಲ್ಲಿ ಹೂವುಗಳಿದ್ದವು. ಹಸಿರಾಗಿದ್ದವು ಅಷ್ಟೇ. ಮೇಡಮ್ ಪಿನ್ನಿನ ತುದಿಯಿಂದ ಒಂದು ಹೂವನ್ನು ಬಿಡಿಸುತ್ತ ಹೋದರು. ಹೊರಗಿನ ಸುತ್ತಿನಲ್ಲಿ ಹಸಿರು ಎಸಳುಗಳು, ಅದು ಸರಿಯೇ. ಒಳಗೆ ಹಳದಿ ದಳಗಳು ಇರಬೇಕಾದಲ್ಲಿ ಮತ್ತೆ ಅದೇ ಹಸಿರು ಎಸಳು. ಕೇಸರಗಳಿರಬೇಕಾದಲ್ಲಿ ಪುಟ್ಟ ಎಲೆಗಳು. ನಡುವೆ, ಮುಂದೆ ಕಾಯಿಯಾಗಬೇಕಾದ ಜಾಗದಲ್ಲಿ, ಇನ್ನೊಂದು ಮೊಗ್ಗು. ಆ ಮೊಗ್ಗನ್ನು ಬಿಡಿಸಿದರು. ಅದರೊಳಗೂ ಅದೇ.

“ಹೂವಿನೊಳಗ ಹೂ, ಅದರೊಳಗ ಹೂ. ಮುಗೀಬೇಕಂತ ಒಂದಕ್ಕೂ ಗೊತ್ತಿಲ್ಲ ನೋಡ್ರಿ.” ಪಿನ್ನನ್ನು ತಾಟಿನ ಅಂಚಿಗಿಟ್ಟರು. “ಮೂಲದಾಗ ದಳ, ಕೇಸರ ಎಲ್ಲಾ ಎಲೀನೇ ಸರ. ಎಲೀಗೆ ‘ನೀ ದಳ ಆಗು, ನೀ ಕೇಸರ ಆಗು, ನೀ ಕಾಯಿ ಆಗು’ ಅಂತ ಹೇಳೋರು ಬೇಕು. ಇಲ್ಲಿ ಹೇಳೋರು ಬಾಯಿ ಮುಚ್ಯಾರ.”

ನನಗೆ ಅಷ್ಟು ಬೇಗ ಒಪ್ಪುವುದು ಗೊತ್ತಿಲ್ಲ. “ಎಳ್ಳಿನಾಗೂ ಹೂ ಎಲಿ ಆಗೋ ರೋಗ ಅದ ಅಂತಾರಲ್ಲ ಮೇಡಮ್. ಇದೂ ಅಂಥಾದ್ದೇ ಯಾಕಿರಬಾರದು?”

“ಇರಬಹುದು. ಅದಕ್ಕೇ ಹೊಲಾ ನೋಡಬೇಕು. ನಾಳೆ ಮೊದಲ ಬಸ್ಸಿಗೆ ಹೋಗೋಣ, ನಿಮ್ಮ ಮಾವ ಕೀಳೋದರೊಳಗ.”

ಹೋದೆವು. ಮೇಡಮ್ ಹೊಲವನ್ನೆಲ್ಲ ಉದ್ದಕ್ಕೂ ಅಡ್ಡಕ್ಕೂ ತಿರುಗಿ ಬಂದರು. ಹಸಿರು ಹೂವು ಅತ್ತೆಯ ಸಾಲಿನಲ್ಲಿ ಬಿಟ್ಟರೆ ಬೇರೆ ಎಲ್ಲಿಯೂ ಇರಲಿಲ್ಲ. ರೋಗವಾದರೆ ಗಾಳಿ ಬರುವ ಕಡೆಯಿಂದ ಹಬ್ಬಿಕೊಂಡು ಬರಬೇಕಿತ್ತು. ಇದು ಒಂದೇ ತಾಯಿಗಿಡದ ಮಕ್ಕಳಲ್ಲಿ ಮಾತ್ರ, ಹೆಚ್ಚುಕಡಿಮೆ ಮೂರು ಹಳದಿಗೆ ಒಂದು ಹಸಿರಿನಂತೆ ಚದುರಿ ನಿಂತಿತ್ತು. ಸಾಲಿನ ತುದಿಯಲ್ಲಿ ನಿಂತು ಮೇಡಮ್ ನನ್ನ ಕಡೆ ನೋಡಿದರು. ಆ ಲೆಕ್ಕ ಏನು ಹೇಳುತ್ತದೆ ಎಂದು ಪಿಯುಸಿ ಓದಿದವರಿಗೂ ಗೊತ್ತು. ಇದು ಹುಟ್ಟಿನಿಂದ ಬಂದದ್ದು. ತಾಯಿಯ ವಂಶವಾಹಿಯೊಂದರಲ್ಲಿ ಆದ ಬದಲಾವಣೆ.

ಆದರೆ ಮಾವನಿಗೆ ಬೇಕಾಗಿದ್ದದ್ದು ಆ ಲೆಕ್ಕವಲ್ಲ. “ನೋಡ್ರಿ ಮೇಡಮ್ಮೋರ, ನಿಮ್ಮ ಪುಸ್ತಕ ತಪ್ಪಾದ್ರ ಇನ್ನೊಂದು ಪುಸ್ತಕ ಓದ್ತೀರಿ. ನನ್ನ ಹೊಲಾ ತಪ್ಪಾದ್ರ ನಾ ಏನ್ ಓದ್ಲಿ? ಬಾಜೂ ಹೊಲದಾಂವ ದಿನಾ ಬದುವಿನ ಮ್ಯಾಲೆ ನಿಂತು ನನ್ನ ಮಾರಿ ನೋಡ್ತಾನ.”

ಮೇಡಮ್ ವಾದ ಮಾಡಲಿಲ್ಲ. ಅವರ ಎದುರಿಗೆ ಇದ್ದದ್ದು ತಮ್ಮ ಜೀವಮಾನದಲ್ಲಿ ಮತ್ತೆ ಸಿಗದಂಥ ಹೂವು, ಅದು ಇದ್ದದ್ದು ಇನ್ನೊಬ್ಬರ ವರ್ಷದ ಬೆಳೆಯ ನಡುವೆ. ಎರಡೂ ಅವರಿಗೆ ಅರ್ಥವಾಗಿತ್ತು ಎಂದು ನನಗೆ ಅನ್ನಿಸಿತು. ಇದು ಗೊಡ್ಡು ಅಲ್ಲ ಎಂದು ಕಣ್ಣಿಗೆ ಕಾಣುವ ಹಾಗೆ ತೋರಿಸುತ್ತೇನೆ, ಒಂದು ತಿಂಗಳು ಬಿಡಿ ಎಂದು ಕೇಳಿಕೊಂಡರು. ತೋರಿಸಲಾಗದಿದ್ದರೆ ತಾವೇ ಬಂದು ಕೀಳುವುದಾಗಿ ಹೇಳಿದರು. ಮಾವ ತಲೆ ಕೆರೆದುಕೊಂಡ. “ಒಂದು ತಿಂಗಳು. ಆಮ್ಯಾಲ ನನ್ನ ಮುಂದ ಇಂಗ್ಲೀಷ ಮಾತಾಡಬಾರದು” ಎಂದ. ಅವರು ಒಂದಕ್ಷರ ಇಂಗ್ಲಿಷ್ ಆಡಿರಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಗೊಡ್ಡು ಅಂಟುತ್ತದೋ ಇಲ್ಲವೋ ನೋಡಲು ಒಂದು ಸರಳ ವಿಧಾನವಿದೆ. ರೋಗದ ಎಲೆಯನ್ನು ತಂದು ಎಳೆಯ ಸಸಿಯ ಎಲೆಯ ಮೇಲೆ ಮಡಚಿ ಪಿನ್ನು ಹೊಡೆಯುವುದು, ಕಚೇರಿಯ ಸ್ಟೇಪ್ಲರಿನಿಂದಲೇ. ಎಲೆ ಒಣಗುತ್ತಿದ್ದಂತೆ ನುಸಿ ಸಸಿಗೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಮಚ್ಚೆ ಮೂಡುತ್ತದೆ. ಮೇಡಮ್ ವಠಾರದ ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ತೊಗರಿ ಸಸಿ ಎಬ್ಬಿಸಿದರು. ಅವು ಎಲೆ ಬಿಟ್ಟ ಕೂಡಲೇ ಕೆಲವಕ್ಕೆ ಅತ್ತೆಯ ಸಾಲಿನ ಹಸಿರು ಹೂವಿನ ಗಿಡದ ಎಲೆ ಹೊಡೆದರು. ಚಿತ್ತಾಪುರದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ನಿಜವಾದ ಗೊಡ್ಡಿನ ಎಲೆ ಟಿಫಿನ್ ಡಬ್ಬಿಯಲ್ಲಿ ತಂದುಕೊಟ್ಟ. ಅದನ್ನು ಹೊಡೆದ ಡಬ್ಬಿಗಳನ್ನು ದೂರ, ಕಾಲೇಜಿನ ಹಿಂದೆ ಇಟ್ಟರು.

“ಪಿನ್ನಿನ ಗಾಯಕ್ಕೇ ಎಲಿ ಮಾಸಿದ್ರ?” ಎಂದು ನಾನು ಕೇಳಿದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ, “ಕೆಮಿಸ್ಟ್ರಿಯವರ ಸಂಗ ಮಾಡಬಾರದು” ಎಂದು, ಒಳ್ಳೆಯ ಗಿಡದ ಎಲೆಯನ್ನೇ ಹೊಡೆದ ಇನ್ನೊಂದಷ್ಟು ಡಬ್ಬಿ ಸೇರಿಸಿದರು. ಮಾಲಕರ ಮನೆಯ ಅಮ್ಮ ಮಾಳಿಗೆಗೆ ಬಂದವರು ಇದನ್ನು ಕಂಡು ಮರುಗಿದರು. “ಏನವ್ವ ಇದು, ಎಲಿ ಏನ್ ಕಾಗದಾ ಅಂತ ತಿಳಿದೀರೇನು?” ಸ್ಟಾಫ್ ರೂಮಿನಲ್ಲಿ, ಬಾಟನಿಯವರು ಗಿಡಗಳ ಫೈಲು ಮಾಡಲಿಕತ್ತಾರ ಎಂಬ ಮಾತು ಹುಟ್ಟಿತು.

ಮುಂಜಾನೆ ಎದ್ದು ಬಾಯಿ ತೊಳೆಯುವ ಮುಂಚೆ ಮಾಳಿಗೆ ಹತ್ತುತ್ತಿದ್ದೆವು. ನನಗೆ ಆ ಹೂವಿನ ಮೇಲೆ ಪ್ರೀತಿಯೇನೂ ಇರಲಿಲ್ಲ, ಫಲಿತಾಂಶದ ಚಟ ಹತ್ತಿತ್ತು. ಒಂದು ದಿನ ಕಾಲೇಜಿನ ಹಿಂದಿನ ಡಬ್ಬಿಗಳಲ್ಲಿ ಮಚ್ಚೆ ಬಂತು. ಮಾಳಿಗೆಯ ಮೇಲಿನವು ಎರಡು ಬಗೆಯವೂ ತೊಳೆದಿಟ್ಟ ಹಾಗೆ ಸ್ವಚ್ಛ. ಮೇಡಮ್ ಕಣ್ಣರಳಿಸಿ, “ಈಗೇನಂತೀರಿ ಸರ?” ಎಂದರು. ಇನ್ನೊಂದು ವಾರ ನೋಡೋಣ ಎಂದೆ. ನಗುತ್ತ ಒಪ್ಪಿದರು. ಆ ವಾರವೂ ಕಳೆಯಿತು. ಸಸಿಗಳು ಆರಾಮವಾಗಿದ್ದವು. ಅಷ್ಟರಲ್ಲಿ ಮಾವ ಕೊಟ್ಟ ತಿಂಗಳು ದಾಟಿ ಎಳ್ಳ ಅಮಾವಾಸ್ಯೆ ಬಂದಿತ್ತು.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲಕ್ಕೆ ಹೋಗಿ ಪೂಜೆ ಮಾಡಿ, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬಂಧುಬಳಗವನ್ನೆಲ್ಲ ಕೂರಿಸಿಕೊಂಡು ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುತ್ತೇವೆ. ಮೇಡಮ್ ಒಂದು ಮಚ್ಚೆಯ ಸಸಿ, ಒಂದು ಒಳ್ಳೆಯ ಸಸಿ ಎರಡನ್ನೂ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಕುಳಿತಿದ್ದರು, ಮಾವನಿಗೆ ತೋರಿಸಲು.

ಬದುವಿನ ಹತ್ತಿರ ಬಂದಾಗ ಸಾಲಿನಲ್ಲಿ ಅಲ್ಲಲ್ಲಿ ಬಾಯಿ ತೆರೆದಂತೆ ಖಾಲಿ ಜಾಗಗಳಿದ್ದವು. ಬದುವಿನ ಮೇಲೆ ಬೂದಿ.

“ತಿಂಗಳು ಮುಗೀತು, ನೀವ್ ಬರಲಿಲ್ಲ” ಎಂದ ಮಾವ. ದನಿ ಮೆತ್ತಗಿತ್ತು. “ಬಾಜೂದಾಂವ ನಾಕು ಮಂದೀನ ಕರ್ಕೊಂಡು ಬಂದ. ಏನ್ ಹೇಳ್ಲಿ ಅವರಿಗೆ?”

ನಾನು ಮೇಡಮ್ ಅವರ ಮುಖ ನೋಡಲಿಲ್ಲ. ಒಂದು ವಾರ ಕಾಯೋಣ ಎಂದವನು ನಾನೇ ಆಗಿದ್ದೆ. ಆ ವಾರವಿಲ್ಲದಿದ್ದರೂ ಗಡುವು ದಾಟುತ್ತಿತ್ತು ಎಂಬ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಿದ್ದೆ. ಅವರು ಬೂದಿಯನ್ನು ನೋಡಿದರು. ಚೀಲವನ್ನು ನೆಲದ ಮೇಲಿಟ್ಟರು. ಆಮೇಲೆ ಸಾಲಿನಲ್ಲಿ ಉಳಿದು ನಿಂತಿದ್ದ ಗಿಡಗಳ ಕಡೆ ತಿರುಗಿದರು. ಅವರ ಮುಖ ನಿಧಾನಕ್ಕೆ ಬದಲಾಯಿತು.

“ಹೋಗ್ಲಿ ಬಿಡ್ರಿ. ಅವು ಇದ್ದಿದ್ರೂ ಬೀಜಾ ಕೊಡ್ತಿರಲಿಲ್ಲ. ಕಾಯೀನೇ ಕಟ್ಟಲಾರದ್ದು ಮಕ್ಕಳನ್ನ ಎಲ್ಲಿಂದ ಕೊಡ್ತದ? ಹಂಗಿದ್ರ ಅವು ಹುಟ್ಟಿದ್ದೆಲ್ಲಿಂದ ಹೇಳ್ರಿ ಸರ?”

ನನಗೆ ಹೊಳೆಯಿತು. ತಾಯಿಗಿಡ ಹಳದಿ ಹೂವಿನದೇ ಆಗಿತ್ತು. ಅದರಲ್ಲಿ ಆ ವಂಶವಾಹಿಯ ಕೆಟ್ಟ ಪ್ರತಿ ಒಂದು, ಒಳ್ಳೆಯ ಪ್ರತಿ ಒಂದು. ಒಳ್ಳೆಯದು ಒಂದಿದ್ದರೆ ಸಾಕು, ಹೂವು ಹೂವಾಗುತ್ತದೆ, ಕಾಯಿ ಕಾಯಾಗುತ್ತದೆ. ಕೆಟ್ಟವೆರಡೂ ಕೂಡಿದಲ್ಲಿ ಮಾತ್ರ ಹಸಿರು. ಸುಟ್ಟುಹೋದ ಗಿಡಗಳ ಒಡಹುಟ್ಟಿದವು ಎದುರಿಗೇ ನಿಂತಿದ್ದವು, ಎಲ್ಲರ ಹಾಗೆ ಹಳದಿ ಹೂ ಬಿಟ್ಟು ಕಾಯಿ ಕಟ್ಟಿಕೊಂಡು. ಅವುಗಳಲ್ಲಿ ಹೆಚ್ಚಿನವು ಅದನ್ನು ಒಳಗೆ ಇಟ್ಟುಕೊಂಡಿದ್ದವು. ಯಾವುವು ಎಂದು ನೋಡಿ ಹೇಳಲು ಬರುವುದಿಲ್ಲ.

“ಸುಟ್ಟಿದ್ದು ಹೂವ್ ಸರ. ಗುಣ ಇಲ್ಲೇ ಅದ” ಎಂದು ಅವರು ಮೊದಲ ಗಿಡದ ಟೊಂಗೆ ಬಗ್ಗಿಸಿದರು. ಕಾಯಿಗಳಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರಲ್ಲಿ ತುದಿಗೆ ಒಂದೆರಡು.

ಅತ್ತೆ ಜಾಲಿ ಮರದ ನೆರಳಿನಿಂದ ಮೇಡಮ್ ಅವರನ್ನು ಕೂಗಿದಳು. “ಅಕ್ಕೋರ, ಬರ್ರಿ, ಕುಂದ್ರಿ. ಅಲ್ಲೇನೂ ಉಳಿದಿಲ್ಲ. ಇವತ್ತಿಗಂತನೇ ಹಾಕಿದ ಸಾಲು ಅದು.” ಅವಳ ಪಕ್ಕದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಸುತ್ತ ಬೀಗರು, ನೆರೆಯವರು, ಯಾರ್ಯಾರೋ ಕುಳಿತು ಕಾಯಿ ಸುಲಿದು ತಿನ್ನುತ್ತಿದ್ದರು. ಬಾಜೂ ಹೊಲದವನೂ ಇದ್ದ.

ಆಗ ನನ್ನ ಕೈಗೆ ಯಾರೋ ಒಂದು ಹಿಡಿ ಕಾಯಿ ಕೊಟ್ಟಿದ್ದರು, ನಾನು ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದೆ, ಮೇಡಮ್ ಓಡಿಬಂದು ಆ ಮಾತು ಹೇಳಿದರು: ತಿನ್ನಬ್ಯಾಡ್ರಿ ಸರ. ಇಷ್ಟು ವರ್ಷ ಇದನ್ನು ಹೀಗೆಯೇ ನೆನಪಿಟ್ಟುಕೊಂಡಿದ್ದೇನೆ. ಆದರೆ ಕುದಿಸಿದ ಕಾಳು ಮೊಳೆಯುವುದಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲವೇ? ಹಾಗಾದರೆ ನನ್ನ ಕೈಯಲ್ಲಿದ್ದದ್ದು ಹಸಿ ಕಾಯಿಯೇ ಇರಬೇಕು. ಹಸಿಯದಾದರೆ ವಾಡಿ ಸ್ಟೇಶನ್ನಿನ ಕುದಿಸಿದ ಕಾಯಿಯ ವಾಸನೆಗೆ ಆ ದನಿ ಯಾಕೆ ಏಳಬೇಕು... ಈ ಗಂಟು ನನಗೆ ಬಿಚ್ಚಲಾಗಿಲ್ಲ.

ಆಮೇಲಿನ ಗಲಾಟೆಯ ನೆನಪಿನಲ್ಲಿ ಅಂಥ ಗಂಟಿಲ್ಲ. ಮೇಡಮ್ ಊಟ ಬಿಟ್ಟು ಸಾಲಿಗೆ ಮರಳಿದರು. ಪೂರ್ತಿ ಬಲಿತು ಒಣಗಿದ ಕಾಯಿಗಳನ್ನು ತಿನ್ನಲು ಬಾರವೆಂದು ಜನ ಗಿಡದಲ್ಲೇ ಬಿಟ್ಟಿದ್ದರು. ಅವರಿಗೆ ಬೇಕಾದದ್ದು ಅವೇ. ಒಂದೊಂದು ಗಿಡದ್ದನ್ನು ಬೇರೆ ಬೇರೆಯಾಗಿ ಕಟ್ಟಬೇಕು, ಬೆರೆಸಬಾರದು ಎಂದು ನನಗೆ ತಾಕೀತು ಮಾಡಿದರು. ಕರವಸ್ತ್ರ ಸಾಲಲಿಲ್ಲ. ಅತ್ತೆ ಬಂದು ಇಣುಕಿ, ಏನೂ ಕೇಳದೆ ರೊಟ್ಟಿ ಕಟ್ಟಿ ತಂದಿದ್ದ ಹಳೆ ಸೀರೆಯ ತುಂಡನ್ನು ಹರಿದು ಚೂರು ಮಾಡಿಕೊಟ್ಟಳು. ಅದನ್ನು ಕಂಡು ಇನ್ನಿಬ್ಬರು ಹೆಂಗಸರು ಬಂದರು. ಸ್ವಲ್ಪ ಹೊತ್ತಿಗೆಲ್ಲ ಇಡೀ ಪಂಕ್ತಿ ಎದ್ದು ಸಾಲಿಗಿಳಿದಿತ್ತು. “ಅಕ್ಕೋರ, ಇಲ್ಲೊಂದು ಅದ.” “ಅದು ಆ ಗಿಡದ್ದು, ಇದಕ್ಕ ಬೆರಸಬ್ಯಾಡ.” “ಏ, ನಿನ್ನ ಉಡ್ಯಾಗ ಏನದ ತೋರ್ಸು.” ಏನು ಹುಡುಕುತ್ತಿದ್ದೇವೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಮೇಡಮ್ ಅವರ ಉಮೇದಿ ಮಾತ್ರ ಎಲ್ಲರಿಗೂ ಹತ್ತಿಕೊಂಡಿತ್ತು, ಗೊಡ್ಡಿಗಿಂತ ಜೋರಾಗಿ.

ಮಾವ ಬಾಜೂ ಹೊಲದವನಿಗೆ ಹೇಳುತ್ತಿದ್ದದ್ದು ಕೇಳಿಸಿತು. “ಗೊಡ್ಡಿನ ತಂಗೀಗೆ ಕೂಸು ಆಗ್ತದಂತ. ಹಿಡ್ಕೊಂಡು ಹೊಂಟಾರ.” ಆ ಮಾತು ಚೇಷ್ಟೆಯದು. ಆದರೆ ಮೇಡಮ್ ತಲೆ ಎತ್ತಿ, “ಬರೋಬ್ಬರಿ ಹೇಳಿದ್ರಿ ನೀವು” ಎಂದರು. ಮಾವ ಗಾಬರಿಯಾದ.

ಮುಂದಿನ ಮಳೆಗಾಲಕ್ಕೆ ಕಾಲೇಜಿನ ಹಿಂದೆ ಆ ಗಂಟುಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಬಿತ್ತಿದರು. ಹೂಗಾಲ ಬಂತು. ಕೆಲವು ಪಟ್ಟಿಗಳು ಪೂರ್ತಿ ಹಳದಿಯಾದವು. ಇನ್ನು ಕೆಲವುಗಳಲ್ಲಿ ಹಳದಿಯ ನಡುವೆ ಹಸಿರು ಹೂವು ಬಂತು. ಆ ಮುಂಜಾನೆ ನನಗೆ ಕಣ್ಣಿಗೆ ಕಟ್ಟಿದಂತಿದೆ: ಎಲೆಗಳ ಮೇಲೆ ಇಬ್ಬನಿ, ಮೇಡಮ್ ಚಪ್ಪಲಿ ಬಿಟ್ಟು ಪಟ್ಟಿಯೊಳಗೆ ನಿಂತಿದ್ದಾರೆ, ಹಸಿರು ಹೂವಿನ ಗೊಂಚಲನ್ನು ಎರಡು ಬೆರಳಿನಲ್ಲಿ ಹಿಡಿದು, “ಬಂತ್ರಿ” ಎನ್ನುತ್ತಾರೆ. ಇಷ್ಟು ಸ್ಪಷ್ಟವಾಗಿ ನೆನಪಿರುವುದರಿಂದಲೇ ಅನುಮಾನ. ಆ ವಾರ ನಾನು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕಲಬುರಗಿಗೆ ಹೋಗಿದ್ದೆನೆಂದು ಬೇರೆ ಸಂದರ್ಭಗಳಿಂದ ಲೆಕ್ಕ ಹಾಕಿದ್ದೇನೆ. ನಾನು ಅಲ್ಲಿ ಇದ್ದೆನೋ, ಅವರು ಹೇಳಿದ್ದನ್ನು ಕೇಳಿ ಕಂಡೆನೋ. ನನ್ನ ಅತ್ಯಂತ ಖುಷಿಯ ನೆನಪು ನನ್ನದಲ್ಲದೆಯೂ ಇರಬಹುದು.

ಆ ಬೀಜವನ್ನು ಯಾವುದಾದರೂ ದೊಡ್ಡ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಬಾಯಿ ಮುಚ್ಚಿದ ಆ ವಂಶವಾಹಿ ಯಾವುದೆಂದು ತಿಳಿಯಬೇಕು ಎಂಬುದು ಅವರ ಆಸೆಯಾಗಿತ್ತು. ಎರಡು ಹೂಗಾಲ ಆದವು. ಆಮೇಲೆ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ನನಗೆ ಶಹಾಬಾದಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಕಾಲೇಜಿನ ಹಿಂದಿನ ಜಾಗಕ್ಕೆ ಪರಸಿ ಕಲ್ಲು ಹಾಸಿ ಗಾಡಿ ನಿಲ್ಲಿಸುವ ವ್ಯವಸ್ಥೆ ಮಾಡಿದರು. ಕೆಲವು ವರ್ಷ ಹಬ್ಬಕ್ಕೆ ಫೋನು ಮಾಡಿಕೊಳ್ಳುತ್ತಿದ್ದೆವು. ಒಯ್ದ ಬೀಜ ಆ ಕೆಂಪು ಮಣ್ಣಿನಲ್ಲಿ, ಆ ಮಳೆಯಲ್ಲಿ ಸರಿಯಾಗಿ ಏಳಲಿಲ್ಲ ಎಂದು ಒಮ್ಮೆ ಹೇಳಿದರು. ಆಮೇಲೆ ಒಂದು ದಿನ ಹಳೆಯ ಸಹೋದ್ಯೋಗಿಯೊಬ್ಬರು, ಮೇಡಮ್ ತೀರಿಕೊಂಡು ಆಗಲೇ ಕೆಲವು ತಿಂಗಳಾದವಂತೆ ಎಂದರು. ಹಸಿರು ಹೂವಿನ ಕತೆಯೂ ಅಲ್ಲಿಗೆ ಮುಗಿಯಿತೆಂದು ತಿಳಿದುಕೊಂಡಿದ್ದೆ.

ವಾಡಿಯಿಂದ ಬಂದ ಮರುದಿನ ಅತ್ತೆಗೆ ಫೋನು ಮಾಡಿದೆ. ಆ ಸಾಲು ಇನ್ನೂ ಹಾಕುತ್ತೀಯಾ ಎಂದು ಕೇಳಿದೆ.

“ಹಾಕಲಾರದೇನು? ಅಂಥಾ ಕಾಯಿ ಮತ್ತೆಲ್ಲಿ ಸಿಗ್ತಾವ?”

“ಅದರಾಗ ಹಸಿರು ಹೂ...”

“ವರ್ಷಾ ಬರ್ತಾವಲ್ಲ. ನಿಮ್ಮ ಮಾವ ವರ್ಷಾ ಕೀಳ್ತಾನ, ವರ್ಷಾ ಬರ್ತಾವ. ಅಕ್ಕೋರ ಗಿಡಾ ಅಂತೀವಿ ನಾವು.”

ಫೋನು ಕೆಳಗಿಟ್ಟು ಮನೆಯೊಳಗೆ ಸುಮ್ಮನೆ ಓಡಾಡಿದೆ. ಕಿತ್ತು ಸುಡುತ್ತ ಬಂದಿದ್ದರು, ಅದೂ ಇಷ್ಟು ವರ್ಷ. ಆದರೂ ಪ್ರತಿ ವರ್ಷ ಕಾಯಿ ಚೆನ್ನಾಗಿದೆಯೆಂದು ಅತ್ತೆ ಹಳದಿ ಹೂವಿನ ಗಿಡಗಳಿಂದಲೇ ಬೀಜ ತೆಗೆದಿಟ್ಟಿದ್ದಾಳೆ. ಆ ಹಳದಿಗಳು ಒಳಗೊಳಗೆ ಅದನ್ನು ಹೊತ್ತು ಬಂದಿವೆ. ಯಾರೂ ಕಾಪಾಡದೆ, ಯಾರೂ ಗಮನಿಸದೆ. ಮೇಡಮ್ ಸೀರೆಯ ಚೂರುಗಳಲ್ಲಿ ಕಟ್ಟಿಕೊಂಡು ಹೋದದ್ದು ಎಲ್ಲಿಯೂ ಉಳಿಯಲಿಲ್ಲ, ಬಿಟ್ಟುಹೋದದ್ದು ಉಳಿದಿದೆ.

ಭಾನುವಾರ ಹೋದೆ. ಮಾವನಿಗೆ ಈಗ ಮೊಣಕಾಲು ನೋವು, ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾನೆ. ಹೊಲದ ತೊಗರಿಯೆಲ್ಲ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು. ಅತ್ತೆಯ ಸಾಲಿನಲ್ಲಿ ಒಂದೇ ಒಂದು ಗಿಡ ಹಸಿರಾಗಿ ನಿಂತು ಇನ್ನೂ ಹೂ ಬಿಡುತ್ತಿತ್ತು. ಉಳಿದವನ್ನು ಆಗಲೇ ಕಿತ್ತಿದ್ದರು. ನಾನು ಬರುತ್ತೇನೆಂದು ಇದನ್ನು ಬಿಟ್ಟಿದ್ದರಂತೆ. ಕಾಯಿ ಕಟ್ಟದ ಗಿಡಕ್ಕೆ ಹೂ ಬಿಡುವುದನ್ನು ನಿಲ್ಲಿಸಲು ತಿಳಿಯುವುದಿಲ್ಲ.

ಒಂದು ಹೂವನ್ನು ಕಿತ್ತು ಉಗುರಿನಿಂದ ಬಿಡಿಸಿದೆ. ಇಷ್ಟು ವರ್ಷ ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಈ ಹೂವಿನ ಕತೆ ಹೇಳುವಾಗ, ಹಸಿರು ಎಸಳುಗಳ ಮೇಲೆ ಸಣ್ಣ ಕೆಂಪು ಗೆರೆಗಳಿದ್ದವು ಎನ್ನುತ್ತಿದ್ದೆ. ಗೆರೆ ಇರಲಿಲ್ಲ. ಒಳಗಿನದರಲ್ಲೂ ಇರಲಿಲ್ಲ, ಅದರ ಒಳಗಿನದರಲ್ಲೂ ಇಲ್ಲ. ಹಸಿರು, ಬರೀ ಹಸಿರು. ಹಳದಿ ದಳಗಳ ಮೇಲೆ ಇರುವ ಗೆರೆಯನ್ನು ನಾನೇ ಇದಕ್ಕೆ ಎಳೆದಿದ್ದೆ. ತಪ್ಪು ಸಿಕ್ಕಿದ್ದಕ್ಕೆ ಖುಷಿಯೇ ಆಯಿತು. ಆದರೆ ಹೂವಿನ ಬಗ್ಗೆ ತಪ್ಪಿದರೆ ತಿದ್ದಲು ಹೂವು ಇದೆ. ಮೇಡಮ್ ಬಗ್ಗೆ ಏನೇನು ತಪ್ಪು ಇಟ್ಟುಕೊಂಡಿದ್ದೇನೋ, ಅದನ್ನು ಹೋಗಿ ನೋಡಿ ಬರುವ ಜಾಗವಿಲ್ಲ.

ಹಳದಿ ಹೂ ಬಿಟ್ಟಿದ್ದ ಗಿಡಗಳಿಂದ ಒಣಗಿದ ಕಾಯಿಗಳನ್ನು ಬೇರೆ ಬೇರೆಯಾಗಿ ಕಟ್ಟಿಕೊಂಡೆ. ಈಗ ಕೇಳಿದರೆ ವಂಶವಾಹಿ ಓದುವ ಪ್ರಯೋಗಾಲಯಗಳು ಬೇಕಾದಷ್ಟಿವೆ. ಅತ್ತೆ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. “ಅಕ್ಕೋರೂ ಹಿಂಗೇ ಕಟ್ಟಿದ್ರು. ಒಂದ ಮಾತಿಲ್ಲ, ಕತಿ ಇಲ್ಲ. ಎಷ್ಟು ಸುಮ್ನಿದ್ರು ನೋಡು ಅವರು” ಎಂದಳು.

ಸುಮ್ಮನಿದ್ದರೇ? ನನ್ನ ನೆನಪಿನಲ್ಲಿ ಅವರು ಒಂದು ಗಳಿಗೆ ಬಾಯಿ ಮುಚ್ಚಿಲ್ಲ.

ಮಾವ ಕುರ್ಚಿಯಿಂದ ಕೂಗಿದ. “ನೋಡೋದು ಆತಿಲ್ಲ ಅಳಿಯಾ? ಈಗ ಅದನ್ನ ಕೀಳಲೇನು?”

“ಗೊಡ್ಡಲ್ಲ ಅಂತ ಗೊತ್ತದಲ್ಲ ಮಾವ, ಯಾಕ ಕೀಳ್ತಿ?”

“ಗೊತ್ತದ. ರೂಢಿ. ಕೈ ಕೇಳಂಗಿಲ್ಲ.”

ಕೀಳಬಹುದಿತ್ತು. ಆ ಗಿಡ ನಿಂತರೂ ಬಿದ್ದರೂ ಮುಂದಿನ ಬೀಜಕ್ಕೆ ವ್ಯತ್ಯಾಸವಿಲ್ಲ. ಬೇಕಾದದ್ದು ನನ್ನ ಚೀಲದಲ್ಲಿತ್ತು. ಮೇಡಮ್ ಅವರೇ ಬೂದಿಯ ಮುಂದೆ ನಿಂತು ಹೇಳಿದ ಪಾಠ ಅದು.

“ಇರ್ಲಿ ಬಿಡು ಮಾವ” ಎಂದೆ.

“ಯಾಕ? ಕಾರಣಾ ಹೇಳು.”

ಹುಡುಕಿದೆ, ಸಿಗಲಿಲ್ಲ. ಮಾವ ಕುರ್ಚಿಯನ್ನು ಬಿಸಿಲಿಗೆ ಬೆನ್ನಾಗುವಂತೆ ತಿರುಗಿಸಿಕೊಂಡು, “ಆ ಮೇಡಮ್ಮ ಇದ್ದಿದ್ರ ಇಷ್ಟೊತ್ತಿಗೆ ಒಂದು ತಾಸು ಹೇಳಿ ಮುಗಸ್ತಿದ್ಳು” ಎಂದ.